ಲೀಲಕ್ಕನ ನಾಲ್ಕು ಹಲ್ಲು

ವಯನಾಡಿನ ಪನಮರಂ ಪೇಟೆಯಲ್ಲಿ ಅಕ್ಕಿ ಗಿರಣಿಯ ಹಿಂದಿನ ಸಾಲಿನಲ್ಲಿ ಲೀಲಕ್ಕನ ಟೈಲರ್ ಅಂಗಡಿ ಇತ್ತು. ಅಂಗಡಿಗೆ ಹೆಸರಿನ ಹಲಗೆ ಇರಲಿಲ್ಲ. ಪೇಟೆಯ ಜನ ಅವಳನ್ನು ಗುಂಡುಸೂಜಿ ಲೀಲ ಎಂದು ಕರೆಯುತ್ತಿದ್ದರು. ರವಿಕೆಯ ಅಳತೆ ತೆಗೆಯುವಾಗಲೂ, ಬಟ್ಟೆ ಕತ್ತರಿಸುವಾಗಲೂ, ಗಿರಾಕಿ ಬಂದು ಬಾಗಿಲಲ್ಲಿ ನಿಂತಾಗಲೂ ಅವಳ ತುಟಿಗಳ ನಡುವೆ ಮೂರು ನಾಲ್ಕು ಗುಂಡುಸೂಜಿಗಳು ಇರುತ್ತಿದ್ದವು. ಹೌದು ಎನ್ನಬೇಕಾದರೆ ತಲೆ ಆಡಿಸುವಳು, ಬೇಡ ಎನ್ನಬೇಕಾದರೆ ಕೈಯಲ್ಲಿದ್ದ ಟೇಪು ಆಡಿಸುವಳು. ಬಾಯಲ್ಲಿ ಸೂಜಿ ಇಟ್ಟುಕೊಂಡವಳನ್ನು ಯಾರೂ ಮಾತಿಗೆಳೆಯುವುದಿಲ್ಲ, ಯಾಕೆ ನಗುವುದಿಲ್ಲ ಎಂದೂ ಕೇಳುವುದಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಸೂಜಿ ಹಿಡಿಯಲಾಗದ ಕಡೆ, ಎಂದರೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನೆಂಟರ ಜಗಲಿಯಲ್ಲಿ, ಎಲೆಯಡಿಕೆ. ಹದಿನೈದರ ವಯಸ್ಸಿಗೇ ಅದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಆ ವಯಸ್ಸಿನ ಹುಡುಗಿ ಎಲೆ ಹಾಕಿದರೆ ಬೇರೆ ಮನೆಗಳಲ್ಲಿ ಬೈಯುತ್ತಾರೆ. ಅವಳ ಮನೆಯಲ್ಲಿ ಬೈಯಲಿಲ್ಲ. ಕೆಂಪು ಹಿಡಿದರೆ ಕಂದು ಕಾಣುವುದಿಲ್ಲ ಎಂಬುದು ಅವಳ ಅವ್ವನಿಗೂ ಗೊತ್ತಿತ್ತು.

ಮೇಲಿನ ಸಾಲಿನ ನಡುವಿನ ನಾಲ್ಕು ಹಲ್ಲುಗಳ ಮೇಲೆ ಕಂದು ಪಟ್ಟೆಗಳು, ಅವುಗಳ ಅಂಚಿಗೆ ಸುಣ್ಣ ತಾಗಿದಂಥ ಬಿಳಿ ಮಚ್ಚೆಗಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗಲೇ ಅವು ಹಾಗೆ ಮೂಡಿದ್ದವು. ಮನೆಯವರು ಅದನ್ನು ಕೊಳೆ ಎಂದುಕೊಂಡರು. ಭತ್ತದ ಹೊಟ್ಟನ್ನು ಸುಟ್ಟು ಮಾಡಿದ ಕರಿಪುಡಿಯಿಂದ ಈ ಕಡೆ ಎಲ್ಲರೂ ಹಲ್ಲುಜ್ಜುತ್ತಿದ್ದರು. ಮಲಯಾಳದಲ್ಲಿ ಅದಕ್ಕೆ ಉಮಿಕ್ಕರಿ ಎನ್ನುತ್ತಾರೆ, ಮನೆಯಲ್ಲಿ ಕನ್ನಡ ಆಡುವ ನಮ್ಮವರೂ ಹಾಗೇ ಎನ್ನುತ್ತಾರೆ. ಅದೇ ಉಮಿಕ್ಕರಿಯಲ್ಲಿ ಬೇರೆ ಮಕ್ಕಳ ಹಲ್ಲು ಬೆಳ್ಳಗಾಗುತ್ತಿದ್ದಾಗ ಇವಳದ್ದು ಆಗದಿದ್ದರೆ ಅದು ಇವಳ ಸೋಮಾರಿತನವೇ ಎಂದು ಅವ್ವ ನಂಬಿದ್ದಳು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಎದುರಿಗೆ ನಿಂತು ಉಜ್ಜಿಸುತ್ತಿದ್ದಳು. ಒಸಡಿನಲ್ಲಿ ರಕ್ತ ಬರುತ್ತಿತ್ತು, ಪಟ್ಟೆ ಹೋಗುತ್ತಿರಲಿಲ್ಲ. ಅವ್ವ ತೀರಿಹೋದ ಮೇಲೂ ಲೀಲಕ್ಕ ಹಾಗೆಯೇ ಉಜ್ಜುತ್ತಿದ್ದಳು, ಯಾರೂ ಎದುರಿಗೆ ನಿಲ್ಲದಿದ್ದರೂ.

ಅಪ್ಪ ಮೊದಲೇ ಹೋಗಿದ್ದ. ಉಳಿದವನು ತಮ್ಮ ಬಾಲನ್. ಅವನನ್ನು ಓದಿಸಿ, ಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಸಣ್ಣ ಅಂಗಡಿ ಹಾಕಿಸಿದ್ದು ಲೀಲಕ್ಕನ ಹೊಲಿಗೆ ಯಂತ್ರ. ಅವಳನ್ನು ನೋಡಲು ಒಂದೆರಡು ಮನೆಯವರು ಬಂದದ್ದುಂಟು. ಎಲೆ ಹಾಕಿಕೊಂಡು ಕುಳಿತಿದ್ದವಳನ್ನು ನೋಡಿ ಬಿಗುಮಾನದವಳು ಎಂದುಕೊಂಡು ಹೋದರು. ಆಮೇಲೆ ಅವಳೇ ಬೇಡವೆಂದಳು.

ವಯನಾಡು ಬೇರೆ ಜಿಲ್ಲೆಯಾಗಿ ಆರೇಳು ವರ್ಷವಾಗಿತ್ತು. ಕಲ್ಪೆಟ್ಟದಲ್ಲಿ ಹೊಸ ಕಚೇರಿಗಳು ಬಂದು ಹೆಂಗಸರಿಗೆ ಹೊಲಿಗೆ ಕಲಿಸುವ ತರಗತಿಗಳು ಅಲ್ಲಲ್ಲಿ ಶುರುವಾಗಿದ್ದವು. ಪನಮರಂನ ಮಹಿಳಾ ಸಮಾಜದವರು ಲೀಲಕ್ಕನನ್ನು ಕರೆದು ಕಲಿಸು ಎಂದರು. ಅವಳು ಒಪ್ಪಿಕೊಂಡಳು. ಕೈಯಲ್ಲಿ ಮಾಡಿ ತೋರಿಸಿದರೆ ಸಾಕು, ಮಾತು ಬೇಕಾಗುವುದಿಲ್ಲ ಎಂದು ಅವಳ ಲೆಕ್ಕ. ಮೊದಲ ವಾರದಲ್ಲೇ ಆ ಲೆಕ್ಕ ತಪ್ಪಿತು. ಕಾಡಿನಂಚಿನ ಹಾಡಿಯಿಂದ ಬರುತ್ತಿದ್ದ ಚೀರು ಎಂಬ ಹುಡುಗಿ ಹಿಂದಿನ ಬೆಂಚಿನಿಂದ ಎದ್ದು ನಿಂತು, "ಚೇಚ್ಚಿ, ನೀವು ಬಾಯಿಗೆ ಕೈ ಅಡ್ಡ ಇಟ್ಕೊಂಡು ಹೇಳಿದ್ರೆ ಇಲ್ಲಿಗೆ ಒಂದಕ್ಷರ ಕೇಳ್ಸಲ್ಲ" ಎಂದಳು. ಅದರಲ್ಲಿ ಕೀಟಲೆ ಇರಲಿಲ್ಲ. ಅವಳಿಗೆ ನಿಜಕ್ಕೂ ಕೇಳಿಸಿರಲಿಲ್ಲ.

ಆ ವಾರದ ಸಂತೆಯಲ್ಲಿ ಲೀಲಕ್ಕ ಹಲ್ಲು ಕಟ್ಟುವವನ ಮುಂದೆ ಹೋಗಿ ನಿಂತಳು. ಅವನು ಗಾಜಿನ ಭರಣಿಯಲ್ಲಿ ಹಲ್ಲಿನ ಸೆಟ್ಟುಗಳನ್ನು ತುಂಬಿಟ್ಟುಕೊಂಡು ಕೂರುತ್ತಿದ್ದ. ಅವಳ ಬಾಯಿ ನೋಡಿ, "ನಾಲ್ಕನ್ನೂ ಕಿತ್ತುಬಿಡೋಣ. ಮುತ್ತಿನಂಥ ನಾಲ್ಕು ಕಟ್ಟಿಕೊಡ್ತೀನಿ, ಮುಂದಿನ ಸಂತೆಗೆ ಬಾ" ಎಂದ. ಲೀಲಕ್ಕ ಆಗಲಿ ಎಂದು ಬಂದಳು. ನಾಲ್ಕೂ ಗಟ್ಟಿ ಹಲ್ಲುಗಳು. ನೋವಿಲ್ಲ, ಹುಳುಕಿಲ್ಲ, ಅಲುಗಾಡುತ್ತಿರಲಿಲ್ಲ. ಆದರೂ ಅವಳಿಗೆ ಅವು ಬೇಡವಾಗಿದ್ದವು.

ಅದನ್ನು ತಡೆದವರು ಕುಞ್ಞಮ್ಮ ಸಿಸ್ಟರ್. ಆಸ್ಪತ್ರೆಯ ನರ್ಸ್, ತಮ್ಮ ಬಿಳಿ ಸಮವಸ್ತ್ರ ಹೊಲಿಸಲು ಲೀಲಕ್ಕನಲ್ಲಿಗೇ ಬರುವವರು. ಅವರ ಮಾತು ಮಲಯಾಳ. ಲೀಲಕ್ಕನ ಜೊತೆ ಅರ್ಧ ಕನ್ನಡ ಬೆರೆಸುತ್ತಿದ್ದರು, ಮಗಳೇ ಎನ್ನುವುದನ್ನು ಮಾತ್ರ ಮೋಳೆ ಎಂದೇ ಅನ್ನುತ್ತಿದ್ದರು. ಸಮವಸ್ತ್ರ ಯಾವಾಗ ಸಿಗುತ್ತದೆ ಎಂದು ಕೇಳಿದಾಗ ಲೀಲಕ್ಕ, ಸಂತೆ ದಿನ ಬೇಡ, ಅವತ್ತು ಹಲ್ಲು ಕೀಳಿಸುವುದಿದೆ ಎಂದಳು.

"ಯಾವ ಹಲ್ಲು? ತೋರ್ಸು."

ಲೀಲಕ್ಕ ಸೂಜಿ ತೆಗೆದು ತೋರಿಸಿದಳು.

"ನಿಂಗೆ ತಲೆ ಕೆಟ್ಟಿದೆಯಾ ಮೋಳೆ? ನಾಲ್ಕು ಒಳ್ಳೆ ಹಲ್ಲನ್ನ ಸಂತೇಲಿ ಕೂತವನ ಕೈಗೆ ಕೊಡ್ತೀಯಾ? ಬತ್ತೇರಿಗೆ ಒಬ್ಬ ಹೊಸ ಹಲ್ಲಿನ ಡಾಕ್ಟರ್ ಬಂದಿದ್ದಾನೆ, ಪದ್ಮನಾಭನ್ ಅಂತ. ಅವನಿಗೆ ತೋರ್ಸು. ಅವನೂ ಕೀಳು ಅಂದ್ರೆ ಆಮೇಲೆ ಕೀಳಿಸ್ಕೋ, ನಾನೇ ಹತ್ತಿ ಹಿಡ್ಕೊಂಡು ಪಕ್ಕದಲ್ಲಿ ನಿಲ್ತೀನಿ."

ಹಾಗೆ ಲೀಲಕ್ಕ ಸುಲ್ತಾನ್ ಬತ್ತೇರಿಯ ಬಸ್ಸು ಹತ್ತಿದಳು.

ಪದ್ಮನಾಭನ್ ಡಾಕ್ಟರು ಇನ್ನೂ ಮೂವತ್ತು ದಾಟದವರು. ಹಲ್ಲುಗಳನ್ನು ಒಣಗಿಸಿ ನೋಡಿದರು, ಒದ್ದೆ ಮಾಡಿ ನೋಡಿದರು, ಸಣ್ಣ ದೀಪ ಹಿಡಿದು ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ಅವಳು ನಿರೀಕ್ಷಿಸದೆ ಇದ್ದದ್ದು: ತೀರ ಚಿಕ್ಕವಳಿರುವಾಗ ದೊಡ್ಡ ಕಾಯಿಲೆ ಏನಾದರೂ ಬಂದಿತ್ತೇ?

"ಎರಡು ವರ್ಷದವಳಿದ್ದಾಗ ಜ್ವರ ಬಂದು ತುಂಬ ದಿನ ಮಲಗಿದ್ದೆನಂತೆ. ಬದುಕಲ್ಲ ಅಂದಿದ್ರಂತೆ."

"ಆಗ ಈ ಹಲ್ಲುಗಳು ಒಸಡಿನ ಒಳಗೆ ತಯಾರಾಗುತ್ತಾ ಇದ್ದವು. ಆ ಜ್ವರದ ಗುರುತು ಇದಾಗಿರಬಹುದು. ಹೊರಗೆ ಬರುವ ಮೊದಲೇ ಬಿದ್ದ ಕಲೆ. ಇದು ಕೊಳೆಯಲ್ಲ, ನೀವು ಉಜ್ಜಲಿಲ್ಲ ಅಂತ ಬಂದದ್ದೂ ಅಲ್ಲ. ಇನ್ನೂ ಹೇಳಬೇಕೆಂದರೆ, ನೀವು ಅತಿಯಾಗಿ ಉಜ್ಜಿದ್ದೀರಿ. ಪಕ್ಕದ ಹಲ್ಲುಗಳು ಒಸಡಿನ ಹತ್ತಿರ ಸವೆದಿವೆ."

ಅದನ್ನು ಕೇಳುವಾಗ ಲೀಲಕ್ಕನ ಕಣ್ಣ ಮುಂದೆ ಬಂದದ್ದು ಹಿತ್ತಲ ಬೆಳಗುಗಳಲ್ಲ, ಜ್ವರದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ದಿನಗಟ್ಟಲೆ ಕುಳಿತಿದ್ದ ಅವ್ವ. ತಾನು ಉಳಿಸಿಕೊಂಡ ಮಗುವಿನ ಹಲ್ಲಿನ ಮೇಲೆ ಆ ಕಾಯಿಲೆಯೇ ಕೂತಿದೆ ಎಂದು ಅವ್ವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಬೈಯುತ್ತಿದ್ದಳೇ? ತಪ್ಪು ಯಾರದ್ದೂ ಆಗಿರಲಿಲ್ಲ, ಆದರೂ ಇಬ್ಬರೂ ಅಷ್ಟು ವರ್ಷ ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದರು.

"ಹಂಗಾದ್ರೆ ಕೀಳ್ತೀರಾ?" ಎಂದು ಕೇಳಿದಳು.

"ಕೀಳುವ ಮಾತು ಕೊನೆಗೆ. ಹಲ್ಲಿನ ಮೇಲೆ ಗಟ್ಟಿ ಪದರ ಒಂದಿದೆ, ಎನಾಮಲ್ ಅನ್ನುತ್ತೇವೆ. ನಿಮ್ಮ ಕಲೆ ಆ ಪದರದ ಮೇಲುಮೇಲೆ ಇದ್ದರೆ, ಕಾಗದದಷ್ಟು ತೆಳ್ಳಗೆ ಅದನ್ನು ಸವೆಸಿ ತೆಗೆಯಬಹುದು. ಕೊರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಆಳಕ್ಕೆ ಇಳಿದಿದ್ದರೆ ಪೂರ್ತಿ ಹೋಗುವುದಿಲ್ಲ, ಅದನ್ನು ಈಗಲೇ ಹೇಳುತ್ತಿದ್ದೇನೆ."

ಇದು ಅವಳಿಗೆ ಅರ್ಥವಾಯಿತು. ಇಸ್ತ್ರಿ ಪೆಟ್ಟಿಗೆ ತಾಗಿ ಬಟ್ಟೆ ಸುಟ್ಟಾಗಲೂ ಹೀಗೆಯೇ. ನೂಲಿನ ಮೇಲೆ ಮಾತ್ರ ಸುಟ್ಟಿದ್ದರೆ ತಿಕ್ಕಿ ತೆಗೆಯಬಹುದು, ಒಳಗಿಳಿದಿದ್ದರೆ ಇಲ್ಲ.

"ಸವೆಸೋದು ಅಂದ್ರೆ ಉಜ್ಜೋದೇ ಅಲ್ವಾ ಡಾಕ್ಟ್ರೆ? ನಾ ಇಪ್ಪತ್ತು ವರ್ಷ ಉಜ್ಜಿ ಹೋಗದೆ ಇದ್ದದ್ದು ನೀವು ಉಜ್ಜಿದ್ರೆ ಹೋಗ್ತದಾ?"

ಡಾಕ್ಟರು ನಕ್ಕರು. "ನಿಮ್ಮ ಉಮಿಕ್ಕರಿಯಲ್ಲಿ ಆಸಿಡ್ ಇರಲಿಲ್ಲವಲ್ಲ. ಮನೆಯಲ್ಲಿ ಮಾತ್ರ ಇದನ್ನು ಮಾಡಲು ಹೋಗಬೇಡಿ."

ಅವಳು ಮುಂದಿನ ಸಂತೆಗೆ ಹೋಗಲಿಲ್ಲ. ಬದಲಿಗೆ ಬತ್ತೇರಿಗೆ ಹೋದಳು. ಡಾಕ್ಟರು ಅವಳ ಒಸಡಿಗೆ ವ್ಯಾಸಲೀನ್ ಸವರಿ, ತೆಳು ರಬ್ಬರ್ ಹಾಳೆಗೆ ತೂತು ಮಾಡಿ, ಗುಂಡಿ ಕಾಜಾದಿಂದ ಹೊರಬರುವ ಹಾಗೆ ನಾಲ್ಕು ಹಲ್ಲುಗಳನ್ನು ಮಾತ್ರ ಹೊರಗೆ ತಂದರು. ಆಸಿಡ್ ಎಲ್ಲಾದರೂ ಸೋರಿದರೆ ಸುಡದಿರಲಿ ಎಂದು ಸುತ್ತ ಸೋಡಾ ಪುಡಿಯ ಹಿಟ್ಟು ಮೆತ್ತಿದರು. ನೀರು ಬೆರೆಸಿದ ಆಸಿಡ್‌ಗೆ ಒಂದು ಬಗೆಯ ಹಗುರ ಕಲ್ಲಿನ ನುಣ್ಣನೆ ಪುಡಿ ಕಲಸಿ, ಚಪ್ಪಟೆ ಮರದ ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಒಂದೊಂದೇ ಹಲ್ಲನ್ನು ಕೆಲವು ಕ್ಷಣ ತಿಕ್ಕುವುದು, ನೀರು ಹಾಯಿಸುವುದು, ನೋಡುವುದು, ಮತ್ತೆ ತಿಕ್ಕುವುದು. ತಿಕ್ಕಿದ್ದಕ್ಕಿಂತ ನೋಡಿದ್ದೇ ಹೆಚ್ಚು ಎಂದು ಲೀಲಕ್ಕನಿಗೆ ಅನಿಸಿತು. ಕೊನೆಗೆ ಏನೋ ಔಷಧ ಹಚ್ಚಿ ಕನ್ನಡಿ ಕೊಟ್ಟರು. ಕಂದು ಪಟ್ಟೆ ಮಾಸಿದ ಚಹಾದ ಬಣ್ಣಕ್ಕೆ ಬಂದಿತ್ತು.

ಎರಡನೆಯ ಸಲ ಹೋದಾಗ ಕಂದು ಹೋಯಿತು. ಎಡಗಡೆಯ ಹಲ್ಲಿನಲ್ಲಿ ಒಂದು ಬಿಳಿ ಚುಕ್ಕೆ, ಅದರ ಪಕ್ಕದ್ದರಲ್ಲಿ ಇನ್ನೊಂದು ಉಳಿದವು. ಇನ್ನೊಂದು ಸಲ ತಿಕ್ಕಿ ಎಂದು ಲೀಲಕ್ಕ ಕೇಳಿಕೊಂಡಳು. ಡಾಕ್ಟರು ಒಪ್ಪಲಿಲ್ಲ.

"ಅವು ಆಳದಲ್ಲಿವೆ. ಅವುಗಳ ಬೆನ್ನು ಹತ್ತಿದರೆ ಹಲ್ಲೇ ತೆಳುವಾಗುತ್ತದೆ. ಇಲ್ಲಿಗೆ ನಿಲ್ಲಿಸೋಣ. ಒಂದು ಮಾತು ನೆನಪಿಡಿ. ತಿಕ್ಕಿದ ಹಲ್ಲು ಒಂದು ವಾರ ಹೊಸದಾಗಿ ತೊಳೆದ ಬಟ್ಟೆಯ ಹಾಗೆ, ಯಾವ ಬಣ್ಣ ತಾಗಿದರೂ ಕುಡಿದುಬಿಡುತ್ತದೆ. ಕಾಫಿ, ಚಹಾ, ಅರಿಶಿನದ ಸಾರು ಬೇಡ. ಎಲೆಯಡಿಕೆಯಂತೂ ಬೇಡವೇ ಬೇಡ. ವಾರದ ಮೇಲೂ ಬಿಟ್ಟರೆ ಒಳ್ಳೆಯದು."

ಅದು ಗುರುವಾರ. ಶುಕ್ರವಾರ ಮಧ್ಯಾಹ್ನ ಬಾಲನ್ ಅಂಗಡಿಗೆ ಓಡಿ ಬಂದ.

ಅವನಿಗೆ ಕಲ್ಲೂರಿನ ಮೀನಾಕ್ಷಿಯ ಜೊತೆ ಮದುವೆಯ ಮಾತು ನಡೆದಿತ್ತು. ಕಲ್ಲೂರು ಬತ್ತೇರಿಯಿಂದ ಮುತ್ತಂಗದ ಕಡೆ ಹೋಗುವ ದಾರಿಯಲ್ಲಿದೆ. ಅಲ್ಲಿನವರೂ ಇವರ ಹಾಗೆಯೇ ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ಗದ್ದೆ ಮಾಡಿದವರು. ಈ ಮನೆಗಳಲ್ಲಿ ಒಂದು ಪದ್ಧತಿ. ಮಾತು ಕೂಡುವ ದಿನ ಹೆಣ್ಣಿನ ಮನೆಯ ಹಿರಿಯ ಹೆಂಗಸು ಎಲೆಯಡಿಕೆ ಮಡಚಿ ಗಂಡಿನ ತಾಯಿಗೆ, ತಾಯಿ ಇಲ್ಲದಿದ್ದರೆ ಅಕ್ಕನಿಗೆ, ಕೊಡುತ್ತಾಳೆ. ಪಡೆದವಳು ಎಲ್ಲರೆದುರು ಅದನ್ನು ಅಗಿಯಬೇಕು. ಬಾಯಿ ಕೆಂಪಾದದ್ದು ಕಂಡರೆ ಮಾತು ಕೂಡಿತು. ಅಗಿಯದೆ ಕೈಯಲ್ಲೇ ಹಿಡಿದು ಕೂತರೆ ಹೆಣ್ಣು ಒಪ್ಪಿಗೆಯಿಲ್ಲ ಎಂದರ್ಥ. ಬೇಡ ಎಂದು ಬಾಯಿಬಿಟ್ಟು ಹೇಳಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಹಿಂದಿನವರು ಮಾಡಿದ ಏರ್ಪಾಡು.

"ಅಕ್ಕ, ಕಲ್ಲೂರಿಂದ ಆಳು ಬಂದದೆ. ಈ ಭಾನುವಾರವೇ ಎಲೆ ಕೊಡೋದಂತೆ. ಕರ್ಕಿಡಕ ತಿಂಗಳು ಹುಟ್ಟಿಬಿಟ್ರೆ ಒಳ್ಳೆ ಕೆಲಸ ಮಾಡಂಗಿಲ್ಲ, ಅದಕ್ಕೆ ಮುಂಚೆ ಆಗ್ಲೇಬೇಕು ಅಂತ ಅವರಜ್ಜಿ ಹಟ ಹಿಡಿದವ್ರಂತೆ."

"ಭಾನುವಾರ ಆಗಲ್ಲ."

"ಯಾಕಾಗಲ್ಲ?"

ಲೀಲಕ್ಕ ಬೆರಳಿನಿಂದ ಹಲ್ಲು ತೋರಿಸಿದಳು. ಬಾಲನ್ ತಲೆ ಕೆರೆದುಕೊಂಡ.

"ಒಂದು ಗಳಿಗೆ ಅಗಿದು ಉಗಿದ್ಬಿಡು. ಬಾಯಿ ಮುಕ್ಕಳಿಸ್ಕೊಂಡ್ರಾಯ್ತು."

"ನಿನ್ನ ಮದುವೆ ಪಂಚೆ ಮೇಲೆ ಉಗೀತೀನಿ, ನೀನು ಮುಕ್ಕಳಿಸ್ಕೋ."

"ಹಂಗಾದ್ರೆ ಮುಂಚೆನೇ ಹೇಳಿಕಳಿಸ್ಲಾ, ಅಕ್ಕ ಹಲ್ಲಿಗೆ ಔಷಧಿ ಮಾಡಿಸ್ಕೊಂಡವಳೆ ಅಂತ?"

"ಬೇಡ." ಲೀಲಕ್ಕನ ದನಿ ಇಳಿಯಿತು. "ಮೂವತ್ತಕ್ಕೆ ಹತ್ರ ಬಂದವಳು ಹಲ್ಲು ಬೆಳ್ಳಗೆ ಮಾಡಿಸ್ಕೊಳಕ್ಕೆ ಬತ್ತೇರಿಗೆ ಹೋಗಿದ್ಲು ಅಂತ ಮದುವೆ ಮುಂಚೇನೇ ಆ ಮನೇಲಿ ನಗಾಡ್ತಾರೆ. ಹೇಳ್ಬೇಡ."

"ನೀನು ಎಲೆ ಹಾಕದೆ ಇರೋದನ್ನ ಈ ಸೀಮೇಲಿ ಯಾರಾದ್ರೂ ನೋಡವ್ರಾ? ನೀನೇ ಎಲೆ ಬೇಡ ಅಂದ್ರೆ ಏನಂದ್ಕೋತಾರೆ?" ಬಾಲನ್ ಅಳು ಬರುವವನ ಹಾಗೆ ನಿಂತಿದ್ದ. "ನಿನ್ನ ಹಲ್ಲು, ನನ್ನ ಮದುವೆ. ಎರಡ್ರಲ್ಲಿ ಒಂದು ಹೋಗ್ತದೆ ಕಣಕ್ಕ."

ಅವಳು ಯಂತ್ರದ ಪೆಡಲು ತುಳಿಯತೊಡಗಿದಳು. ಅವನು ಹೋದ ಮೇಲೆ ನೋಡಿದರೆ ರವಿಕೆಯ ತೋಳನ್ನು ತಿರುಗಾ ಮುರುಗಾ ಹೊಲಿದಿದ್ದಳು.

ಭಾನುವಾರ ಬೆಳಿಗ್ಗೆ ಬಸ್ಸು ಬತ್ತೇರಿಯಲ್ಲಿ ನಿಂತಾಗ ಡಾಕ್ಟರನ್ನು ಒಂದು ಮಾತು ಕೇಳಿ ಬರೋಣವೆಂದು ಇಳಿದಳು. ಕ್ಲಿನಿಕ್ಕಿನ ಬಾಗಿಲು ಮುಚ್ಚಿತ್ತು. ಮತ್ತೆ ಬಂದು ಕುಳಿತಾಗ ಬಾಲನ್ ಏನನ್ನೂ ಕೇಳಲಿಲ್ಲ. ಅವನು ಕೇಳಿದ್ದರೆ ಬೈದುಬಿಡಬಹುದಿತ್ತು. ಎಲೆ ಅಗಿದೇಬಿಡುವುದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಇಷ್ಟು ವರ್ಷ ಅದೇ ಹಲ್ಲಿನಲ್ಲಿ ಬದುಕಿದವಳಿಗೆ ಇನ್ನು ಮೇಲೆ ಕಷ್ಟವೇನು? ತಮ್ಮನ ಬಾಳಿಗಿಂತ ನಾಲ್ಕು ಹಲ್ಲು ದೊಡ್ಡದಲ್ಲ. ಹಾಗೆ ಅಂದುಕೊಳ್ಳುತ್ತಲೇ ನಾಲಗೆಯ ತುದಿ ಮೇಲಿನ ಸಾಲನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅವು ನುಣ್ಣಗಿದ್ದವು.

ಕಲ್ಲೂರಿನ ಮನೆಯ ಜಗಲಿಯಲ್ಲಿ ಚಾಪೆ ಹಾಸಿದ್ದರು. ಎರಡೂ ಕಡೆಯ ಹಿರಿಯರು ಕುಳಿತರು. ಮೀನಾಕ್ಷಿಯ ಅಜ್ಜಿ ಮಲ್ಲಿಗಮ್ಮ ತಟ್ಟೆಯನ್ನು ಮುಂದಿಟ್ಟುಕೊಂಡು, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಲೀಲಕ್ಕನ ಅಂಗೈ ಮೇಲೆ ಇಟ್ಟಳು. ಒಳಬಾಗಿಲ ಹಿಂದೆ ಮೀನಾಕ್ಷಿ ನಿಂತಿದ್ದಳು, ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

ಲೀಲಕ್ಕ ಎಲೆಯನ್ನು ತುಟಿಯವರೆಗೆ ತಂದಳು. ಕೈ ಅಲ್ಲಿಂದ ಮುಂದೆ ಹೋಗಲಿಲ್ಲ. ಇಳಿಸಿದಳು.

"ಯಾಕವ್ವ, ಅಡಿಕೆ ದಪ್ಪ ಆಯ್ತಾ?" ಎಂದು ಮೀನಾಕ್ಷಿಯ ಸೋದರಮಾವ ರಾಜನ್ ತಮಾಷೆ ಮಾಡಿದ. ಯಾರೋ ನಕ್ಕರು. ಲೀಲಕ್ಕ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ನಗು ನಿಂತಿತು. ಗೋಡೆಗೆ ಒರಗಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಒಪ್ಪಿಗೆ ಇಲ್ವೇನೋ" ಎಂದದ್ದು ಎಲ್ಲರಿಗೂ ಕೇಳಿಸಿತು. ಬಾಗಿಲ ಹಿಂದಿನ ಸೀರೆಯ ಅಂಚು ಮರೆಯಾಯಿತು. ಬಾಲನ್ ಚಾಪೆಯ ಕಡ್ಡಿ ಮುರಿಯುತ್ತಾ ಕುಳಿತಿದ್ದ.

ಸೀರೆಯ ಅಂಚು ಮರೆಯಾದದ್ದನ್ನು ನೋಡಿದ ಮೇಲೆ ಲೀಲಕ್ಕನಿಗೆ ಸುಮ್ಮನಿರಲು ಆಗಲಿಲ್ಲ.

"ಹೆಣ್ಣು ಒಪ್ಪಿಗೆ," ಎಂದಳು. ಮದುವೆ ಮನೆಗಳಲ್ಲಿ ಯಾರೂ ಅವಳ ಬಾಯಿಂದ ಅಷ್ಟು ಗಟ್ಟಿ ದನಿ ಕೇಳಿರಲಿಲ್ಲ. "ಬಾಲನಿಗೂ ಒಪ್ಪಿಗೆ, ನಂಗೂ ಒಪ್ಪಿಗೆ. ಆದ್ರೆ ಈವತ್ತು ನಾ ಎಲೆ ಅಗಿಯಂಗಿಲ್ಲ."

"ಒಪ್ಪಿಗೆ ಇದ್ರೆ ಅಗಿಯೋಕೇನು?" ಎಂದ ರಾಜನ್. ಈಗ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

ಲೀಲಕ್ಕ ಅವನಿಗೆ ಉತ್ತರ ಕೊಡದೆ ಮಲ್ಲಿಗಮ್ಮನ ಕಡೆ ತಿರುಗಿದಳು. "ಅಜ್ಜಿ, ನೋಡಿ" ಎಂದು ತುಟಿ ಎತ್ತಿ ಹಲ್ಲು ತೋರಿಸಿದಳು. ಅಷ್ಟು ಜನರೆದುರು, ಹಗಲಿನಲ್ಲಿ.

ಮಲ್ಲಿಗಮ್ಮ ಎದ್ದು ಬಂದು ಅವಳ ಗದ್ದ ಹಿಡಿದಳು. "ಈ ಕಡೆ ತಿರುಗು, ಬೆಳಕಿಗೆ. ಏನು ನೋಡ್ಬೇಕು? ಹಲ್ಲು ಇದ್ದಂಗೇ ಅದೆ."

"ಮೊದ್ಲು ಹಿಂಗಿರ್ಲಿಲ್ಲ. ನಾಲ್ಕೂ ಕಂದು ಬಣ್ಣ ಇತ್ತು. ಚಿಕ್ಕಂದಿನ ಜ್ವರದ್ದಂತೆ. ಕಿತ್ತಾಕ್ಬೇಕು ಅಂತಿದ್ದೆ, ಬತ್ತೇರಿ ಡಾಕ್ಟ್ರು ಬೇಡ ಅಂದು ತಿಕ್ಕಿ ತೆಗೆದ್ರು. ಮೊನ್ನೆ ಗುರುವಾರ. ಒಂದು ವಾರ ಎಲೆ, ಅರಿಶಿನ ಏನು ತಾಗಿದ್ರೂ ಬಣ್ಣ ಕುಡಿದ್ಬಿಡ್ತದಂತೆ. ಅಷ್ಟೇ ಅಜ್ಜಿ. ಬೇರೇನೂ ಇಲ್ಲ."

"ಈ ಬಿಳಿ ಚುಕ್ಕೆ?"

"ಅದು ಹೋಗಲಿಲ್ಲ. ಅದು ಹೋಗಲ್ವಂತೆ."

"ಅದಕ್ಕೇನಾ ನೀನು ಎಲ್ಲಿ ಹೋದ್ರೂ ಎಲೆ ತುಂಬ್ಕೊಂಡು ಕೂರ್ತಿದ್ದದ್ದು?"

ಲೀಲಕ್ಕ ತಲೆಯಾಡಿಸಿದಳು.

"ಅಯ್ಯೋ ನಿನ್ನ. ನಾವೆಲ್ಲ ಇವಳದೇನು ಜಂಬ ಅಂದ್ಕೋತಿದ್ದೋ," ಎಂದಳು ಮಲ್ಲಿಗಮ್ಮ. ಗೋಡೆಗೆ ಒರಗಿದ್ದ ಹೆಂಗಸು ತಲೆ ತಗ್ಗಿಸಿದಳು.

"ಅಲ್ಲ, ಕಿತ್ತು ಹೊಸದು ಕಟ್ಟಿಸ್ಕೊಂಡಿದ್ರೆ ಈ ಕಷ್ಟನೇ ಇರ್ತಿರ್ಲಿಲ್ಲ" ಎಂದ ರಾಜನ್.

"ನೀ ಸುಮ್ನಿರು. ಕಿತ್ತಾಕಿದವರ ಕಷ್ಟ ನನ್ನ ಕೇಳು." ಮಲ್ಲಿಗಮ್ಮ ತನ್ನ ಬಾಯಿ ಅಗಲಿಸಿ ಅವನಿಗೆ ತೋರಿಸಿದಳು. ಅಲ್ಲಿ ಲೆಕ್ಕ ಹಾಕುವಷ್ಟು ಏನೂ ಇರಲಿಲ್ಲ. ಈ ಸಲ ಜಗಲಿಯಲ್ಲಿ ಎಲ್ಲರೂ ನಕ್ಕರು.

ಮುದುಕಿ ಲೀಲಕ್ಕನ ಕೈಯಿಂದ ಎಲೆಯನ್ನು ವಾಪಸು ತೆಗೆದುಕೊಂಡಳು. ಬಾಲನ್ ತಲೆ ಎತ್ತಿ ನೋಡಿದ. ಅವಳು ಮಡಿಕೆ ಬಿಚ್ಚಿ ಅಡಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಸುಣ್ಣ ಸವರಿದ ಎಲೆಯನ್ನು ಪಕ್ಕಕ್ಕಿಟ್ಟು, ತಟ್ಟೆಯಿಂದ ಬೇರೆ ಎಲೆ ತೆಗೆದು ಉಗುರಿನಷ್ಟು ತುಂಡು ಹರಿದಳು.

"ಬರೀ ಎಲೆ ಕೆಂಪಾಗಲ್ಲ. ಇದನ್ನ ಹಿಂದಿನ ಹಲ್ಲಲ್ಲಿ ಅಗಿ, ಮುಂದಕ್ಕೆ ತರ್ಬೇಡ."

"ಅದೆಂಗಾಯ್ತು ಅತ್ತೆ?" ರಾಜನ್ ಬಿಡಲಿಲ್ಲ. "ಬಾಯಿ ಕೆಂಪಾದ್ರಲ್ವಾ ಮಾತು ಕೂಡೋದು? ನೀವೇ ಹೇಳೋದು ಯಾವಾಗ್ಲೂ."

ಲೀಲಕ್ಕ ಎಲೆಯ ಚೂರನ್ನು ಅಗಿದು ನುಂಗಿದಳು.

"ನಾಲಗೆ ಚಾಚು ಮೋಳೆ," ಎಂದಳು ಮಲ್ಲಿಗಮ್ಮ. ಲೀಲಕ್ಕ ಚಾಚಿದಳು. ಮುದುಕಿ ಅವಳ ಮುಖವನ್ನು ರಾಜನ್ ಕಡೆಗೆ ತಿರುಗಿಸಿದಳು. "ನೋಡು. ಇದೇನು ಕೆಂಪಲ್ದೆ ಹಸಿರಾ? ಬಾಯಿ ಕೆಂಪಗದೆ. ಮಾತು ಕೂಡ್ತು. ಏಳಿ ಊಟಕ್ಕೆ."

ಎದ್ದು ಒಳಗೆ ಹೋಗಿ ಕುಳಿತ ಮೇಲೆ ಇನ್ನೊಂದು ತೊಡಕು ಕಾಣಿಸಿತು. ಬೀಗರಿಗೆಂದು ಮಾಡಿದ ಅಡುಗೆಯಲ್ಲಿ ಹಳದಿಯಿಲ್ಲದ್ದು ಯಾವುದೂ ಇರಲಿಲ್ಲ. ಸಾರು ಹಳದಿ, ಪಲ್ಯ ಹಳದಿ, ಮಜ್ಜಿಗೆಹುಳಿಗೂ ಅರಿಶಿನ ಬಿದ್ದಿತ್ತು. ಲೀಲಕ್ಕ ಪರವಾಗಿಲ್ಲ, ಹಸಿವಿಲ್ಲ ಎನ್ನುವಷ್ಟರಲ್ಲಿ ಮೀನಾಕ್ಷಿ ತಾನೇ ಬಂದು ಬಿಳಿ ಅನ್ನ ಬಡಿಸಿ, ಮೇಲೆ ಗಟ್ಟಿ ಮೊಸರು ಹಾಕಿ, ಪಕ್ಕಕ್ಕೆ ತೆಂಗಿನಕಾಯಿ ತುರಿ ಇಟ್ಟಳು. ಬಾಲನ್ ಅತ್ತ ನೋಡದವನ ಹಾಗೆ ನೋಡಿದ.

ಎಡಬಲದಲ್ಲಿ ಕುಳಿತ ಹೆಂಗಸರು ಕೇಳತೊಡಗಿದರು. ನೋವಾಯಿತೇ? ಉಪ್ಪಿನಲ್ಲಿ ಉಜ್ಜಿದರೆ ಆಗುವುದಿಲ್ಲವೇ? ನನ್ನ ಮಗಳಿಗೂ ಹೀಗೆಯೇ ಇದೆ, ಬೈದು ಬೈದು ಸಾಕಾಗಿದೆ, ಅದೂ ಜ್ವರದ್ದೇ ಇರಬಹುದೇ? ಕೊನೆಯದನ್ನು ಕೇಳಿದವಳಿಗೆ ಲೀಲಕ್ಕ, "ಬೈಯೋದು ನಿಲ್ಸಿ. ಮೊದ್ಲು ಡಾಕ್ಟ್ರಿಗೆ ತೋರ್ಸಿ" ಎಂದಳು. ಮತ್ತೆ ಎಲ್ಲವನ್ನೂ ಮೊದಲಿನಿಂದ ವಿವರಿಸತೊಡಗಿದಳು. ಪಂಕ್ತಿಯ ತುದಿಯವರೆಗೆ ಅವಳ ಮಾತು ಕೇಳಿಸುತ್ತಿತ್ತು. ಬಕೆಟ್ಟು ಹಿಡಿದು ಸಾರು ಬಡಿಸುತ್ತಾ ಬಂದ ರಾಜನ್ ಅವಳ ಬಾಳೆಲೆಯ ಹತ್ತಿರ ಬಗ್ಗಿದ.

"ಆ ಸೌಟು ಅಲ್ಲಿಗೆ ತಂದೀಯ ಜೋಕೆ!" ಮಲ್ಲಿಗಮ್ಮ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. ರಾಜನ್ ಬಕೆಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡು, ಲೀಲಕ್ಕನನ್ನು ದೂರದಿಂದ ಸುತ್ತಿಕೊಂಡು ಮುಂದಿನವರಿಗೆ ಹೋದ.